ಅಡಿಕೆ ತೋಟವೂ ಉದ್ಯಾನವೇ?

ಪ್ರಶ್ನೆ: ನಾವು ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಸ್ವರ್ಗ ಎಂಬ ಊರಿನ ಕಡೆಯವರು. ಎರಡು ಎಕರೆ ಅಡಿಕೆ ತೋಟವಿದೆ. ನಾನು ಇಲ್ಲಿನ ಶಾಲೆಯೊಂದರಲ್ಲಿ ಕನ್ನಡ ಕಲಿಸುತ್ತೇನೆ. ಕಳೆದ ತಿಂಗಳು ಬೆಂಗಳೂರಿನಿಂದ ಬಂದ ನೆಂಟರೊಬ್ಬರು ತೋಟವನ್ನೆಲ್ಲ ಸುತ್ತಾಡಿ, ‘ಚೆನ್ನಾಗಿದೆ, ಆದರೆ ಇದು ಗಾರ್ಡನ್ ಅಲ್ಲ, ಪ್ಲಾಂಟೇಶನ್, ಉದ್ಯಾನದ ಕಲ್ಪನೆ ನಮ್ಮ ಹಳ್ಳಿಗಳಲ್ಲಿ ಇರಲೇ ಇಲ್ಲ’ ಎಂದರು. ನಮ್ಮ ಕಾವ್ಯಗಳಲ್ಲಿ ಬರುವ ಉದ್ಯಾನವೂ ಅರಸುಮಕ್ಕಳ ವಿಹಾರದ ಜಾಗವೇ ತಾನೆ? ಹಾಗಾದರೆ ನಮ್ಮ ತೋಟಕ್ಕೆ ಸಾಹಿತ್ಯದಲ್ಲಿ ಎಡೆಯಿಲ್ಲವೇ? ಬೇರೆ ಸಮಾಜಗಳು ತೋಟಕ್ಕೆ ಏನು ಅರ್ಥ ಕೊಟ್ಟಿವೆ? ಒಂಬತ್ತನೇ ತರಗತಿಯ ಮಕ್ಕಳಿಗೆ ಇದರ ಬಗ್ಗೆ ಒಂದೆರಡು ಪಾಠ ಮಾಡಬೇಕೆಂದಿದ್ದೇನೆ, ಎಲ್ಲಿಂದ ಆರಂಭಿಸಲಿ?

ಉತ್ತರ: ನಿಮ್ಮ ನೆಂಟರು ಮಾಡಿದ ವಿಂಗಡಣೆ ಇಂಗ್ಲಿಷ್ ಭಾಷೆಯದು. ಅದನ್ನು ಲೋಕದ ಎಲ್ಲ ತೋಟಗಳಿಗೂ ಹಚ್ಚಹೊರಟರೆ ಬೈಬಲಿನ ಏದೆನ್ ತೋಟವನ್ನೂ ಉದ್ಯಾನಗಳ ಪಟ್ಟಿಯಿಂದ ತೆಗೆಯಬೇಕಾಗುತ್ತದೆ. ನೋಟಕ್ಕೆ ಒಂದು ನೆಲ, ಊಟಕ್ಕೆ ಇನ್ನೊಂದು ನೆಲ ಎಂದು ಹಂಚುವ ಕ್ರಮವು ಕೆಲವು ದೇಶಗಳಲ್ಲಿ, ಕೆಲವು ಶತಮಾನಗಳಲ್ಲಿ, ಅದೂ ಊಟವು ಬೇರೆಯವರ ದುಡಿಮೆಯಿಂದ ಬಂದು ಬೀಳುತ್ತಿದ್ದ ಮನೆಗಳಲ್ಲಿ ಬೆಳೆದು ಬಂದದ್ದು. ಮಿಕ್ಕ ಕಡೆಗಳಲ್ಲಿ ಒಂದು ತುಂಡು ನೆಲ ತೋಟವಾಗುವುದು ಎರಡು ಕೆಲಸಗಳಿಂದ: ಅದಕ್ಕೊಂದು ಎಲ್ಲೆ ಕಟ್ಟಬೇಕು, ಅದರೊಳಕ್ಕೆ ನೀರು ತರಬೇಕು. ಆ ಎಲ್ಲೆಯ ಒಳಗೆ ಯಾರಿಗೆ ಪ್ರವೇಶವಿದೆ, ಆ ನೀರನ್ನು ಯಾರು ಎಲ್ಲಿಂದ ತಂದರು ಎಂಬುದರ ಮೇಲೆ ಆಯಾ ಸಮಾಜವು ತೋಟಕ್ಕೆ ಕೊಟ್ಟ ಅರ್ಥ ನಿಂತಿದೆ. ಹೂವು, ಕೋಗಿಲೆ, ಪ್ರಣಯ, ಮೋಕ್ಷಗಳೆಲ್ಲ ಆಮೇಲಿನವು. ಈ ಎರಡು ಎಳೆಗಳನ್ನೇ ಹಿಡಿದು ಉತ್ತರಿಸುತ್ತೇನೆ. ಅಗಳು (ಗಡಿಯ ಕಂದಕ) ತೋಡಿ, ನೀರಿಗಾಗಿ ಸುರಂಗ ಕೊರೆದು ತೋಟ ಮಾಡಿದ ಊರಿನವರಾದ ನಿಮಗೆ ಇವೆರಡೂ ಹೊಸತಲ್ಲ.

ಮೊದಲು ಶಬ್ದಗಳನ್ನು ನೋಡೋಣ. ನಮ್ಮ ಕಡೆ ‘ತೋಟಕ್ಕೆ ಹೋಗಿದ್ದಾರೆ’ ಎಂದರೆ ಅಡಿಕೆ ತೋಟಕ್ಕೆ ಎಂದೇ ಅರ್ಥ. ಬಸಳೆ ಚಪ್ಪರ, ತೊಂಡೆ ಚಪ್ಪರ, ಒಂದೆಲಗ, ದಾಸವಾಳ, ನಂದಬಟ್ಟಲುಗಳಿರುವ ಮನೆಯ ಸುತ್ತಣ ಜಾಗ ಹಿತ್ತಿಲು. ನೀರಿಲ್ಲದ ಎತ್ತರದ ನೆಲ ಗುಡ್ಡೆ. ಯಾರೂ ಕತ್ತಿ ಹಾಕಬಾರದ ನಾಗನ ಜಾಗ ಬನ. ಹೀಗೆ ನಾಲ್ಕು ಶಬ್ದಗಳಿಂದ ನಾಲ್ಕು ಬಗೆಯ ಸಂಬಂಧಗಳನ್ನು ಹೇಳುವ ಭಾಷೆಯಲ್ಲಿ ‘ಉದ್ಯಾನದ ಕಲ್ಪನೆ ಇರಲಿಲ್ಲ’ ಎನ್ನುವುದು ಅವಸರದ ಮಾತು. ಹಳಗನ್ನಡದ ತೋಂಟ, ತಮಿಳು ಮತ್ತು ಮಲಯಾಳಗಳ ತೋಟ್ಟಂ ಒಂದೇ ಕುಲದವು. (ತೆಯ್ಯಂ ಕಟ್ಟುವಾಗ ಹಾಡುವ ತೋಟ್ಟಂ ಹಾಡಿಗೂ ಇದಕ್ಕೂ ಸಂಬಂಧವಿಲ್ಲ, ಮಲಯಾಳದಲ್ಲಿ ಅವೆರಡರ ಅಕ್ಷರವೇ ಬೇರೆ. ಕನ್ನಡದಲ್ಲಿ ಬರೆದಾಗ ಒಂದೇ ಆಗಿ ಕಾಣುವುದರಿಂದ ನಿಮ್ಮ ತರಗತಿಯಲ್ಲಿ ಯಾರಾದರೂ ಕೇಳಿಯೇ ಕೇಳುತ್ತಾರೆ.) ಉದ್ಯಾನ, ಉಪವನ, ಆರಾಮ, ನಂದನಗಳು ಸಂಸ್ಕೃತದಿಂದ ಬಂದವು. ಇವುಗಳಲ್ಲಿ ‘ಆರಾಮ’ ಎಂಬುದು ಸಂಸ್ಕೃತದಲ್ಲಿ ಸಂತೋಷವೂ ಹೌದು, ಸಂತೋಷ ಕೊಡುವ ತೋಟವೂ ಹೌದು. ನಾವು ‘ಆರಾಮವಾಗಿದ್ದೇನೆ’ ಎನ್ನುವಾಗಿನ ಆರಾಮ ಪಾರಸಿಯಿಂದ ಬಂದದ್ದು. ಎರಡೂ ದೂರದ ದಾಯಾದಿಗಳು.

ಪಾರಸಿಯ ಮಾತು ಬಂತು. ಎಲ್ಲೆಯ ಕಥೆ ಅಲ್ಲಿಂದಲೇ ಆರಂಭವಾಗುತ್ತದೆ. ಪ್ರಾಚೀನ ಇರಾನಿನ ಭಾಷೆಯಲ್ಲಿ ‘ಪೈರಿದಯೇಜ’ ಎಂಬ ಶಬ್ದವಿತ್ತು. ಪೈರಿ ಎಂದರೆ ಸುತ್ತಲೂ. ನಮ್ಮ ಪರಿಧಿ, ಪರಿಸರಗಳಲ್ಲಿರುವ ‘ಪರಿ’ಯೇ ಅದು. ದಯೇಜ ಎಂದರೆ ಗೋಡೆ. ಗ್ರೀಕ್ ಲೇಖಕ ಕ್ಸೆನೊಫೋನ್ ಪರ್ಷಿಯಾದ ದೊರೆಗಳ ತೋಟಗಳನ್ನು ವರ್ಣಿಸುವಾಗ ಈ ಶಬ್ದವನ್ನು ‘ಪಾರಾದೈಸೋಸ್’ ಎಂದು ಬಳಸಿದ. ಹೀಬ್ರೂ ಬೈಬಲನ್ನು ಗ್ರೀಕಿಗೆ ತಂದವರು ಏದೆನ್ ತೋಟಕ್ಕೆ ಅದನ್ನೇ ಇಟ್ಟರು. ಅರಬ್ಬಿಯಲ್ಲಿ ಅದು ‘ಫಿರ್ದೌಸ್’ ಆಯಿತು, ಇಂಗ್ಲಿಷಿನಲ್ಲಿ ‘ಪ್ಯಾರಡೈಸ್’ ಆಯಿತು. ಎಂದರೆ ನಿಮ್ಮ ಊರಿನ ಹೆಸರನ್ನು ಇಂಗ್ಲಿಷಿಗೆ ತಿರುಗಿಸಿ ಆ ಶಬ್ದದ ಬೇರನ್ನು ಅಗೆದು ನೋಡಿದರೆ ‘ಸುತ್ತ ಗೋಡೆ ಕಟ್ಟಿದ ತೋಟ’ ಎಂದು ಸಿಗುತ್ತದೆ. ಅರಬ್ಬಿಯ ‘ಜನ್ನತ್’ ಎಂಬ ಮಾತಿಗೂ ತೋಟವೆಂದೇ ಅರ್ಥ. ಅದರ ಧಾತು ಮುಚ್ಚುವುದನ್ನು, ಮರೆಮಾಡುವುದನ್ನು ಸೂಚಿಸುತ್ತದೆ. ಬಿಸಿಲು ಸುಡುವ ನಾಡಿನಲ್ಲಿ ನೆಲವನ್ನು ಮರಗಳ ನೆರಳಿನಿಂದ ಮುಚ್ಚಿದ ಜಾಗವೇ ಪರಲೋಕದ ಸುಖಕ್ಕೆ ಸಾಕಾದ ಹೋಲಿಕೆಯಾಗಿತ್ತು.

ಎಲ್ಲೆ ಇದ್ದಲ್ಲಿ ಒಳಗು, ಹೊರಗು ಎಂಬ ಕಥೆಯೂ ಇರುತ್ತದೆ. ಬೈಬಲಿನ ಮೊದಲ ಕಥೆ ತೋಟದಿಂದ ಹೊರಹಾಕಲ್ಪಟ್ಟವರದು; ಹೋದವರು ಮರಳದಂತೆ ಬಾಗಿಲಿಗೆ ಉರಿಯುವ ಕತ್ತಿಯ ಕಾವಲು ಬಿದ್ದಿತು. ಅದೇ ಗ್ರಂಥದ ಪರಮಗೀತದಲ್ಲಿ ಪ್ರಿಯಕರನು ತನ್ನವಳನ್ನು ಬೇಲಿ ಹಾಕಿದ ತೋಟಕ್ಕೆ, ಮುಚ್ಚಿದ ಬುಗ್ಗೆಗೆ ಹೋಲಿಸುತ್ತಾನೆ. ಯುರೋಪಿನ ಮಧ್ಯಯುಗದ ಚಿತ್ರಕಾರರು ಮೇರಿಮಾತೆಯನ್ನು ಗೋಡೆಯೊಳಗಿನ ಹೂದೋಟದಲ್ಲಿ ಕೂರಿಸಿ ಚಿತ್ರಿಸಿದ್ದು ಈ ಸಾಲಿನ ಬಲದಿಂದ. ನಮ್ಮ ರಾಮಾಯಣದ ಅಶೋಕವನವಂತೂ ತೋಟವು ಸೆರೆಮನೆಯಾದ ಕಥೆ. ಅಲ್ಲಿರುವ ಹೂವು, ಕೊಳ, ಲತಾಗೃಹಗಳಲ್ಲಿ ಯಾವುದೂ ಸೀತೆಗೆ ಬೇಕಿಲ್ಲ. ಯಕ್ಷಗಾನದಲ್ಲಿ ಹನುಮಂತನು ವನವನ್ನು ಕೆಡಹುವಾಗ ಮಕ್ಕಳು ಮರ ಮುರಿಯುವ ಗದ್ದಲವನ್ನಷ್ಟೇ ನೋಡುತ್ತಾರೆ; ವಾಲ್ಮೀಕಿಯಲ್ಲಿ ಕಾವಲಿನವರು ರಾವಣನಿಗೆ ಒಪ್ಪಿಸುವ ವರದಿಯಲ್ಲಿ ಇನ್ನೊಂದು ಸಂಗತಿಯಿದೆ: ಎಲ್ಲವನ್ನೂ ಕೆಡಿಸಿದ ಆ ಕಪಿ ಸೀತೆ ಕುಳಿತ ಮರವೊಂದನ್ನು ಮುಟ್ಟಲಿಲ್ಲ. ವೈಭವದ ಉದ್ಯಾನವೆಲ್ಲ ನೆಲಕ್ಕುರುಳಿ, ನೆರಳು ಕೊಟ್ಟ ಒಂದು ಮರ ನಿಲ್ಲುವ ಈ ನೋಟದಲ್ಲಿ ಕವಿಯ ತೀರ್ಪೂ ಅಡಗಿದೆಯೆಂದು ನನಗೆ ತೋರುತ್ತದೆ. ಪಾರಿಜಾತದ ಕಥೆಯಲ್ಲಿ ಎಲ್ಲೆಯೇ ತಮಾಷೆಗೆ ಗುರಿಯಾಗಿದೆ. ಇಂದ್ರನ ನಂದನದಿಂದ ಕಿತ್ತು ತಂದ ಗಿಡವನ್ನು ಕೃಷ್ಣನು ಸತ್ಯಭಾಮೆಯ ಅಂಗಳದಲ್ಲಿ ನೆಟ್ಟರೆ ಹೂವುಗಳು ಗೋಡೆಯಾಚೆ ರುಕ್ಮಿಣಿಯ ಅಂಗಳಕ್ಕೆ ಉದುರುತ್ತವೆ. ನೆರೆಮನೆಯ ಹಲಸಿನ ಗೆಲ್ಲು ತಮ್ಮ ಕಡೆಗೆ ಬಾಗಿದ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಈ ಕಥೆಯನ್ನು ವಿವರಿಸಬೇಕಾಗಿಲ್ಲ.

ಎಲ್ಲೆಯನ್ನು ಕಟ್ಟಿಯೂ ಕಾಣದಂತೆ ಮಾಡಿದವರು ಹದಿನೆಂಟನೇ ಶತಮಾನದ ಇಂಗ್ಲೆಂಡಿನ ಜಮೀನುದಾರರು. ಆ ಕಾಲದಲ್ಲಿ ಅವರಿಗೆ ಗೋಡೆ, ನೇರ ಸಾಲು, ಕತ್ತರಿಸಿ ಅಂದಗೊಳಿಸಿದ ಗಿಡಗಳೆಲ್ಲ ಬೇಸರ ತಂದಿದ್ದವು. ಮನೆಯ ಕಿಟಕಿಯಿಂದ ನೋಡಿದರೆ ಹುಲ್ಲುಗಾವಲು ದಿಗಂತದವರೆಗೆ ತಾನಾಗಿಯೇ ಹಬ್ಬಿದಂತಿರಬೇಕು, ಆದರೆ ಅಲ್ಲಿ ಮೇಯುವ ದನಗಳು ಮಾತ್ರ ಅಂಗಳಕ್ಕೆ ಬರಬಾರದು. ಇದಕ್ಕಾಗಿ ‘ಹಾ-ಹಾ’ ಎಂಬ ತಗ್ಗುಗೋಡೆಯನ್ನು ಬಳಕೆಗೆ ತಂದರು. ಮನೆಯ ಬದಿಗೆ ನೆಟ್ಟನೆಯ ಕಲ್ಲುಗೋಡೆ, ಆಚೆ ಬದಿಗೆ ಇಳಿಜಾರಾದ ಕಂದಕ. ದೂರದಿಂದ ನೋಡಿದವರಿಗೆ ಏನೂ ಕಾಣದು. ಓದುತ್ತಿದ್ದಾಗ ನನಗೆ ನಗು ಬಂದಿತ್ತು, ಏಕೆಂದರೆ ಇದು ನಮ್ಮ ಅಗಳಿನ ತಂತ್ರವೇ. ವ್ಯತ್ಯಾಸವಿಷ್ಟೆ: ನಾವು ಅಗಳು ತೋಡಿ ಮಣ್ಣನ್ನು ಒಳಬದಿಗೆ ಒಟ್ಟಿ, ದಾಟಲು ಒಂದು ತಡಮೆ ಇಟ್ಟು, ಇದು ನನ್ನ ಗಡಿ ಎಂದು ಎಲ್ಲರಿಗೂ ಕಾಣುವಂತೆ ಹೇಳುತ್ತೇವೆ, ಅವರು ಗಡಿಯೇ ಇಲ್ಲವೆಂದು ನಟಿಸಿದರು. ಆ ನಟನೆಗೆ ಬೆಲೆ ತೆತ್ತವರು ಬೇರೆಯವರು. 1604ರಿಂದ 1914ರವರೆಗೆ ಇಂಗ್ಲೆಂಡಿನ ಸಂಸತ್ತು 5,200ಕ್ಕೂ ಹೆಚ್ಚು ಕಾಯಿದೆಗಳ ಮೂಲಕ ಊರೊಟ್ಟಿನ ಗೋಮಾಳಗಳನ್ನೂ ಹೊಲಗಳನ್ನೂ ಖಾಸಗಿ ಬೇಲಿಯೊಳಗೆ ಸೇರಿಸಿತು, ಮತ್ತು ಆ ಕಾಯಿದೆಗಳು ಬಹಳವಾಗಿ ಬಂದದ್ದು ಈ ಎಲ್ಲೆಯಿಲ್ಲದ ಉದ್ಯಾನಗಳ ಕಾಲದಲ್ಲಿಯೇ. ನಿಮ್ಮ ನೆಂಟರ ಮನಸ್ಸಿನಲ್ಲಿರುವ ‘ಗಾರ್ಡನ್’ ಬಹುಮಟ್ಟಿಗೆ ಈ ವಂಶದ್ದು.

ಇನ್ನು ನೀರು. ನಮ್ಮ ಕಡೆ ತೋಡು ಎಂದರೆ ಅಗೆಯುವುದೂ ಹೌದು, ಹರಿಯುವ ಹಳ್ಳವೂ ಹೌದು. ತೋಟದ ವಿದ್ಯೆಯೆಲ್ಲ ಆ ಒಂದು ಶಬ್ದದಲ್ಲಿದೆ. ಜೂನ್ ಮತ್ತು ಜುಲೈಯಲ್ಲಿ ಆಕಾಶವೇ ಕಳಚಿ ಬಿದ್ದಂತೆ ಸುರಿಯುವ ಮಳೆಯೆಲ್ಲ ಮುರಕಲ್ಲಿನ ಗುಡ್ಡೆಗಳಿಂದ ಹತ್ತಾರು ಕಿಲೋಮೀಟರು ಇಳಿದು ಸಮುದ್ರ ಸೇರುತ್ತದೆ. ಫೆಬ್ರವರಿಗೆ ತೋಡು ಸೊರಗುತ್ತದೆ, ಏಪ್ರಿಲಿಗೆ ಅಡಿಕೆಯ ಸೋಗೆ ಬಾಡುತ್ತದೆ. ಹಿರಿಯರು ಇದಕ್ಕೆ ಕಂಡುಕೊಂಡ ಉಪಾಯಗಳು ನಿಮಗೆ ಗೊತ್ತಿರುವವೇ: ಮಳೆ ನಿಂತ ಮೇಲೆ ಕಲ್ಲುಮಣ್ಣಿನಿಂದ ತೋಡಿಗೆ ಹಾಕುವ ಕಟ್ಟ, ಮಳೆನೀರು ಇಂಗಿಸುವ ಮದಕ, ನೀರು ಹರಿಸಲು ಅಡಿಕೆ ಮರವನ್ನು ಸೀಳಿ ಮಾಡಿದ ದಂಬೆ, ಎಲ್ಲಕ್ಕಿಂತ ಮುಖ್ಯವಾಗಿ ಸುರಂಗ. ಒಬ್ಬಾಳು ಬಗ್ಗಿ ನಡೆಯುವಷ್ಟು ಅಗಲ ಎತ್ತರಕ್ಕೆ ಗುಡ್ಡೆಯ ಹೊಟ್ಟೆಯನ್ನು ಅಡ್ಡಲಾಗಿ ಕೊರೆಯುತ್ತ ಹೋಗಿ, ನೀರಿನ ಒರತೆ ಸಿಕ್ಕ ಮೇಲೆ ಅದನ್ನು ತೊಟ್ಟಿಕ್ಕುವ ಹಾಗೆಯೇ ಹೊರಗಿನ ಕೆರೆಗೆ ತಂದು, ಅಲ್ಲಿಂದ ತೋಟಕ್ಕೆ ಇಳಿಸುವ ಈ ವ್ಯವಸ್ಥೆಗೆ ಪಂಪು ಬೇಡ, ಕರೆಂಟು ಬೇಡ.

ಇರಾನಿನ ಒಣನಾಡಿನಲ್ಲಿ ಇದರ ಅಣ್ಣನಂತಿರುವ ‘ಕನಾತ್’ ಇದೆ. ಬೆಟ್ಟದ ಬುಡದಲ್ಲಿ ಆಳವಾದ ತಾಯಿಬಾವಿಯೊಂದನ್ನು ತೋಡಿ, ಅಲ್ಲಿಂದ ನೆಲದಡಿಯಲ್ಲಿ ಮೆಲ್ಲನೆ ಇಳಿಯುವ ಕಾಲುವೆಯೊಂದನ್ನು ಕೊರೆದು, ನಡುನಡುವೆ ಗಾಳಿ ಬೆಳಕಿಗೂ ಮಣ್ಣು ಎತ್ತುವುದಕ್ಕೂ ನೇರ ಬಾವಿಗಳನ್ನು ತೆಗೆದು, ಕಿಲೋಮೀಟರುಗಟ್ಟಲೆ ದೂರದ ಊರಿಗೆ ನೀರು ತಲುಪಿಸುತ್ತಾರೆ. ಕರ್ನಾಟಕದ ಬೀದರಿನಲ್ಲಿ ಬಹಮನಿ ಕಾಲದ ನೌಬಾದ್ ಕಾರೇಜ್ ಇದೇ ಜಾತಿಯದು. ನಮ್ಮ ಸುರಂಗವೂ ಅರಬ್ಬಿ ಸಮುದ್ರದ ವ್ಯಾಪಾರದ ಹಾದಿಯಲ್ಲಿ ಅಲ್ಲಿಂದಲೇ ಬಂದಿರಬಹುದೆಂದು ಕೆಲವರು ಹೇಳುತ್ತಾರೆ. ಹೋಲಿಕೆ ಇದೆ, ಆದರೆ ಹೋಲಿಕೆಯೊಂದೇ ನಂಟನ್ನು ಸಾಬೀತು ಮಾಡುವುದಿಲ್ಲ, ನಮ್ಮ ಸುರಂಗಗಳಲ್ಲಿ ಗಾಳಿಬಾವಿಗಳ ಸಾಲು ಸಾಮಾನ್ಯವಾಗಿ ಇಲ್ಲ ಎಂಬುದನ್ನೂ ಮರೆಯಬಾರದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಜಗತ್ತಿನ ಅತ್ಯಂತ ಪ್ರಭಾವಶಾಲಿ ಉದ್ಯಾನ ಪರಂಪರೆ ಹುಟ್ಟಿದ್ದು ಗುಡ್ಡದ ಹೊಟ್ಟೆಯಿಂದ ಹನಿಹನಿಯಾಗಿ ನೀರು ತಂದವರ ಊರಿನಲ್ಲಿ.

ಕ್ರಿಸ್ತಪೂರ್ವ ಆರನೇ ಶತಮಾನದಲ್ಲಿ ಪರ್ಷಿಯಾದ ದೊರೆ ಸೈರಸ್ ಪಸರ್ಗದೆಯಲ್ಲಿ ಮಾಡಿಸಿದ ತೋಟದ ಕಲ್ಲುಕಾಲುವೆಗಳು, ಅವುಗಳ ನಡುವೆ ಅಲ್ಲಲ್ಲಿ ಕೊರೆದ ಪುಟ್ಟ ತೊಟ್ಟಿಗಳು ಇಂದಿಗೂ ನೋಡಸಿಗುತ್ತವೆ. ತೋಟವನ್ನು ನೀರಿನ ಸಾಲುಗಳಿಂದ ನಾಲ್ಕು ಭಾಗ ಮಾಡುವ ಚಾರ್‌ಬಾಗ್ ಕ್ರಮವು ಈ ನೆಲದಲ್ಲಿ ಬೆಳೆದದ್ದು. ಏದೆನಿನಿಂದ ಹೊರಟ ಹೊಳೆ ನಾಲ್ಕಾಗಿ ಒಡೆಯಿತೆಂದು ಬೈಬಲ್ ಹೇಳುತ್ತದೆ. ಕುರಾನಿನ ಸ್ವರ್ಗವು ‘ಕೆಳಗೆ ನದಿಗಳು ಹರಿಯುವ ತೋಟಗಳು’ ಎಂದು ಮತ್ತೆ ಮತ್ತೆ ಬರುತ್ತದೆ, ಅಲ್ಲಿ ನೀರು, ಹಾಲು, ಮದ್ಯ, ಜೇನುಗಳ ಹೊಳೆಗಳಿವೆ. ಬಾಬರನು 1526ರಲ್ಲಿ ದಿಲ್ಲಿ ಮತ್ತು ಆಗ್ರಾಗಳನ್ನು ಗೆದ್ದ ಮೇಲೆ ತನ್ನ ಆತ್ಮಕಥೆಯಲ್ಲಿ ಬರೆದುಕೊಂಡ ದೊಡ್ಡ ದೂರುಗಳಲ್ಲಿ ಒಂದು, ಹಿಂದುಸ್ತಾನದಲ್ಲಿ ಹರಿಯುವ ನೀರಿಲ್ಲ ಎಂಬುದು. ಯಮುನೆಯ ಆಚೆ ದಡದಲ್ಲಿ ಬಾವಿ ತೋಡಿಸಿ ತೋಟ ಮಾಡಿಸಿದ ಮೇಲೆಯೇ ಅವನಿಗೆ ಸ್ವಲ್ಪ ನೆಮ್ಮದಿ. ಆ ತೋಟಗಳಲ್ಲಿ ದಾಳಿಂಬೆ, ದ್ರಾಕ್ಷಿಗಳನ್ನು ಬೆಳೆಯಲು ಯಾರಿಗೂ ಸಂಕೋಚವಿರಲಿಲ್ಲ, ಹಣ್ಣು ಬಿಟ್ಟಿತೆಂದು ಅವುಗಳ ಉದ್ಯಾನತ್ವ ಕೆಡಲೂ ಇಲ್ಲ. ಪಾರಸಿ ಕವಿ ಸಾದಿಯು ಹದಿಮೂರನೇ ಶತಮಾನದಲ್ಲಿ ತನ್ನ ಎರಡು ನೀತಿಗ್ರಂಥಗಳಿಗೆ ಬೋಸ್ತಾನ್, ಗುಲಿಸ್ತಾನ್ ಎಂದು ಹೆಸರಿಟ್ಟ. ಒಂದು ಹಣ್ಣಿನ ತೋಟ, ಇನ್ನೊಂದು ಹೂವಿನ ತೋಟ.

ನೀರಿಲ್ಲದವರ ಪೇಚಾಟಗಳೂ ತೋಟದ ಇತಿಹಾಸದ ಭಾಗವೇ. ಹದಿನಾಲ್ಕನೇ ಲೂಯಿಯ ವರ್ಸೈ ಅರಮನೆಯ ಉದ್ಯಾನದಲ್ಲಿ ಕಾರಂಜಿಗಳನ್ನು ಎಷ್ಟು ಇಟ್ಟರೆಂದರೆ ಎಲ್ಲವನ್ನೂ ಒಟ್ಟಿಗೆ ಚಿಮ್ಮಿಸಲು ನೀರು ಸಾಲದೆ, ದೊರೆ ಹತ್ತಿರ ಬಂದಾಗ ಆಳುಗಳು ಸಿಳ್ಳೆ ಹಾಕಿ ಮುಂದಿನ ಕಾರಂಜಿಯನ್ನು ತೆರೆಯಬೇಕಾಗಿತ್ತು, ದಾಟಿದ ಮೇಲೆ ಮುಚ್ಚಬೇಕಾಗಿತ್ತು. ಜಪಾನಿನ ಕ್ಯೋಟೋ ನಗರದ ರ್‍ಯೋವಾನ್‌ಜಿ ಮಂದಿರದವರು ಇದಕ್ಕೆ ಎದುರಾದ ದಾರಿ ಹಿಡಿದರು. ಅಲ್ಲಿನ ತೋಟದಲ್ಲಿ ಹದಿನೈದು ಕಲ್ಲುಗಳು, ಸುತ್ತ ಬಿಳಿ ಜಲ್ಲಿ, ಕಲ್ಲಿನ ಬುಡಕ್ಕಷ್ಟು ಪಾಚಿ. ಜಲ್ಲಿಯನ್ನು ಹಲ್ಲುಗೋಲಿನಿಂದ ಗೀರಿ ಅಲೆಗಳನ್ನು ಮೂಡಿಸುತ್ತಾರೆ. ಜಗಲಿಯ ಯಾವ ಮೂಲೆಯಲ್ಲಿ ಕುಳಿತರೂ ಒಂದಲ್ಲ ಒಂದು ಕಲ್ಲು ಕಣ್ಣಿಗೆ ಮರೆಯಾಗಿಯೇ ಇರುತ್ತದೆ. ಒಂದು ತೊಟ್ಟು ನೀರಿಲ್ಲದ ಆ ತೋಟದಲ್ಲಿಯೂ ನೀರಿನ ನೆನಪನ್ನು ಬರೆಯದೆ ಇರಲಾಗಲಿಲ್ಲ.

ಈಗ ನಿಮ್ಮ ಮುಖ್ಯ ಶಂಕೆಗೆ ಬರುತ್ತೇನೆ. ನಮ್ಮ ಕಾವ್ಯದ ಉದ್ಯಾನ ಅರಸುಮಕ್ಕಳದೇ ಎಂಬ ನಿಮ್ಮ ಮಾತು ಅಲಂಕಾರಶಾಸ್ತ್ರದ ಮಟ್ಟಿಗೆ ಸರಿ. ಮಹಾಕಾವ್ಯದಲ್ಲಿ ಇರಬೇಕಾದ ವರ್ಣನೆಗಳನ್ನು ಸಂಸ್ಕೃತದ ಲಾಕ್ಷಣಿಕ ದಂಡಿ ಎಣಿಸಿದಾಗ ಉದ್ಯಾನವಿಹಾರವನ್ನೂ ಜಲಕ್ರೀಡೆಯನ್ನೂ ಒಂದೇ ಉಸಿರಿನಲ್ಲಿ ಹೇಳಿದ. ಹದಿನೆಂಟು ವರ್ಣನೆಗಳ ಲೆಕ್ಕ ತುಂಬಿಸಲು ಎಷ್ಟೋ ಕವಿಗಳು ತಾವು ಕಾಣದ ಗಿಡಗಳ ಹೆಸರುಗಳನ್ನು ಪೋಣಿಸಿದರು. ಆ ಭಾಗಗಳನ್ನು ಮಕ್ಕಳಿಗೆ ಓದಿಸುವ ಅಗತ್ಯ ನನಗೆ ಕಾಣದು. ಆದರೆ 941ರಲ್ಲಿ ಪಂಪನು ಬನವಾಸಿಯನ್ನು ನೆನೆದು ಬರೆದ ಪದ್ಯಗಳು ಆ ಲೆಕ್ಕಕ್ಕೆ ಸೇರುವುದಿಲ್ಲ. ಅಲ್ಲಿಯ ಬೆಟ್ಟುಗಳಲ್ಲಿ, ನಂದನವನಗಳಲ್ಲಿ ಏನಿದೆ ಎಂದು ಹೇಳುವಾಗ ಅವನು ‘ಸೊಗಯಿಸಿ ಬಂದ ಮಾಮರನೆ ತಳ್ತೆಲೆವಳ್ಳಿಯೆ ಪೂತ ಜಾತಿ ಸಂಪಗೆಯೆ’ ಎಂದು ಆರಂಭಿಸುತ್ತಾನೆ. ಇಲ್ಲಿ ಎಲೆವಳ್ಳಿ ಎಂದರೆ ವೀಳ್ಯದೆಲೆಯ ಬಳ್ಳಿ. ಮಾವು ತಿನ್ನಲು, ಎಲೆ ಮೆಲ್ಲಲು, ಜಾಜಿಯೂ ಸಂಪಿಗೆಯೂ ಮುಡಿಯಲು. ಎಲ್ಲವೂ ಒಂದೇ ಸಾಲಿನಲ್ಲಿ, ಒಂದೇ ನೆಲದಲ್ಲಿ. ಗಾರ್ಡನ್ ಬೇರೆ ಪ್ಲಾಂಟೇಶನ್ ಬೇರೆ ಎಂಬ ಮಾತು ಪಂಪನಿಗೆ ಅರ್ಥವಾಗುತ್ತಿರಲಿಲ್ಲ. ಅಡಿಕೆ ಮರಕ್ಕೆ ಎಲೆಬಳ್ಳಿ ಹಬ್ಬಿಸಿ, ಅಂಚಿನಲ್ಲಿ ಸಂಪಿಗೆ ನೆಟ್ಟ ನಮ್ಮ ಹಳೆಯ ತೋಟಗಳು ಅವನ ಪದ್ಯಕ್ಕೆ ಬೆಂಗಳೂರಿನ ಪಾರ್ಕುಗಳಿಗಿಂತ ಹತ್ತಿರ. ಮುಂದೆ ಅವನು, ಆ ನಾಡಿನ ಮನುಷ್ಯರಂತಹ ಮನುಷ್ಯನಾಗಿ ಹುಟ್ಟಬೇಕು, ಅದಾಗದಿದ್ದರೆ ‘ಮರಿದುಂಬಿಯಾಗಿ ಮೇಣ್ ಕೋಗಿಲೆಯಾಗಿ ಪುಟ್ಟುವುದು ನಂದನದೊಳ್’ ಎನ್ನುತ್ತಾನೆ. ದುಂಬಿಗೆ, ಕೋಗಿಲೆಗೆ ಬೇಲಿಯ ಹಂಗಿಲ್ಲ, ಪಟ್ಟೆ ಪಹಣಿಗಳ ಚಿಂತೆಯೂ ಇಲ್ಲ.

ಉದ್ಯಾನವನ್ನು ಬಿಟ್ಟು ತೋಟವನ್ನೇ ಕನ್ನಡ ಸಾಹಿತ್ಯದ ನಡುವಿಗೆ ತಂದವರು ವಚನಕಾರರು. ಅಲ್ಲಮಪ್ರಭುವು ಗೊಗ್ಗಯ್ಯನೆಂಬ ತೋಟಗಾರನನ್ನು ಭೇಟಿಯಾಗುವ ಪ್ರಸಂಗವು ಶೂನ್ಯಸಂಪಾದನೆಯಲ್ಲಿದೆ. ಅಲ್ಲಮನು ಅವನಿಗೆ ತನ್ನ ತೋಟದ ಕೆಲಸವನ್ನು ಹೇಳುತ್ತಾನೆ: ‘ತನುವ ತೋಂಟವ ಮಾಡಿ, ಮನವ ಗುದ್ದಲಿ ಮಾಡಿ, ಅಗೆದು ಕಳೆದೆನಯ್ಯಾ ಭ್ರಾಂತಿನ ಬೇರ.’ ಅನಂತರ ಹೆಂಟೆ ಒಡೆಯುವುದು, ಬೀಜ ಬಿತ್ತುವುದು, ಬಾವಿ, ರಾಟಾಳ, ಉದಕವನ್ನು ತಿದ್ದುವುದು ಎಲ್ಲ ಕ್ರಮವಾಗಿ ಬರುತ್ತವೆ. ಇಂದ್ರಿಯಗಳೆಂಬ ಐದು ಬಸವಗಳು ನುಗ್ಗಿ ಹಸಗೆಡಿಸಿಯಾವೆಂದು ‘ಸಮತೆ ಸೈರಣೆಯೆಂಬ ಬೇಲಿಯನಿಕ್ಕಿ’, ಹಗಲಿರುಳು ಜಾಗರವಿದ್ದು ಸಸಿಯನ್ನು ಸಲಹಿದೆನು ಎಂದು ವಚನ ಮುಗಿಯುತ್ತದೆ. ತೋಟ ಮಾಡದವನಿಗೆ ಈ ವಚನದ ಅರ್ಧ ಮಾತ್ರ ತಿಳಿಯುತ್ತದೆ ಎಂದು ನಾನು ತರಗತಿಗಳಲ್ಲಿ ಹೇಳುತ್ತಿದ್ದೆ. ಇದರಲ್ಲಿ ಹೂವೇ ಇಲ್ಲ ಎಂಬುದನ್ನು ಗಮನಿಸಿ. ಹಣ್ಣೂ ಇಲ್ಲ, ಸಸಿಯಿನ್ನೂ ಸಸಿಯೇ. ಇರುವುದೆಲ್ಲ ಅಗೆತ, ನೀರು, ಬೇಲಿ, ಕಾವಲು. ಪರ್ಷಿಯಾದವರು ತೋಟವನ್ನು ಸತ್ತ ಮೇಲಿನ ಬಹುಮಾನವಾಗಿ ಕಂಡರೆ, ಚೀನಾ ಮತ್ತು ಜಪಾನಿನವರು ಕುಳಿತು ನೋಡುವ ಧ್ಯಾನವಾಗಿ ಕಂಡರೆ, ಅಲ್ಲಮನು ಅದನ್ನು ಕೈಕೆಸರಿನ ಕೆಲಸವಾಗಿ ಕಂಡ. ಅವನಂತೆ ತೋಟದಿಂದ ಅದರ ದುಡಿಮೆಯನ್ನಷ್ಟೇ ಉಳಿಸಿಕೊಂಡು ಅದನ್ನೇ ಸಾಧನೆಯ ರೂಪಕ ಮಾಡಿದ ಕವಿತೆಯನ್ನು ನಾನು ಬೇರೆ ಭಾಷೆಗಳಲ್ಲಿ ಹೆಚ್ಚು ಕಂಡಿಲ್ಲ. ಹಂಪೆಯ ಹರಿಹರನ ಪುಷ್ಪರಗಳೆಯಲ್ಲಿ ಮುಂಜಾನೆ ಹೂದೋಟಕ್ಕೆ ಹೋಗಿ ವಿರೂಪಾಕ್ಷನ ಪೂಜೆಗೆ ಹೂವೆತ್ತುವುದೇ ಭಕ್ತಿಯಾಗುತ್ತದೆ. ಮುಂದೆ ಒಬ್ಬ ಸಿದ್ಧಲಿಂಗ ಯತಿಗೆ ‘ತೋಂಟದ’ ಎಂಬ ವಿಶೇಷಣವೇ ಹೆಸರಾಗಿ ನಿಂತಿತು.

ದುಡಿಮೆಯ ಮಾತನ್ನು ಬೇರೆಯವರೂ ಪೂರ್ತಿ ಮರೆತವರಲ್ಲ. ಕ್ಸೆನೊಫೋನ್ ಹೇಳುವ ಕಥೆಯೊಂದರಲ್ಲಿ ಸ್ಪಾರ್ಟಾದ ಸೇನಾನಿ ಲೈಸ್ಯಾಂಡರನು ಪರ್ಷಿಯಾದ ರಾಜಕುಮಾರ ಕಿರಿಯ ಸೈರಸ್‌ನ ತೋಟದ ಸಾಲುಮರಗಳನ್ನು ಕಂಡು ಬೆರಗಾಗುತ್ತಾನೆ. ಇವುಗಳಲ್ಲಿ ಕೆಲವನ್ನು ನನ್ನ ಕೈಯಿಂದಲೇ ನೆಟ್ಟೆ ಎಂದು ರಾಜಕುಮಾರ ಹೇಳಿದಾಗ ಅವನ ಚೆಲುವಾದ ಉಡುಗೆ, ಕಡಗ, ಹಾರಗಳನ್ನು ನೋಡಿ ಲೈಸ್ಯಾಂಡರನಿಗೆ ನಂಬಿಕೆ ಬರುವುದಿಲ್ಲ. ಯುದ್ಧದಲ್ಲೋ ಬೇಸಾಯದಲ್ಲೋ ಬೆವರು ಸುರಿಸದೆ ನಾನು ಊಟಕ್ಕೆ ಕೂರುವುದಿಲ್ಲ ಎಂದು ಸೈರಸ್ ಆಣೆ ಹಾಕುತ್ತಾನೆ. ಏದೆನಿನಲ್ಲಿಯೂ ಮನುಷ್ಯನನ್ನು ಇರಿಸಿದ್ದು ತೋಟವನ್ನು ‘ವ್ಯವಸಾಯ ಮಾಡಿ ಕಾಯುವುದಕ್ಕಾಗಿ’. ಆದಾಮನು ಪಾಪಕ್ಕೆ ಮುಂಚೆಯೇ ತೋಟದ ಕೆಲಸದವನು. ಚೀನಾದ ಸುಝೌ ನಗರದಲ್ಲಿ ಹದಿನಾರನೇ ಶತಮಾನದ ಆರಂಭದಲ್ಲಿ ಅಧಿಕಾರಿಯೊಬ್ಬನು ರಾಜಕಾರಣಕ್ಕೆ ಬೇಸತ್ತು ಊರಿಗೆ ಮರಳಿ ತೋಟ ಮಾಡಿಸಿ, ಹಳೆಯ ಕವಿತೆಯೊಂದರ ಸಾಲನ್ನು ಅನುಸರಿಸಿ ಅದಕ್ಕೆ ‘ದಡ್ಡ ಅಧಿಕಾರಿಯ ತೋಟ’ ಎಂಬರ್ಥದ ಹೆಸರಿಟ್ಟ. ತೋಟಕ್ಕೆ ನೀರು ಹಾಯಿಸಿ ತರಕಾರಿ ಮಾರಿ ಬದುಕುವುದೇ ದಡ್ಡನಿಗೆ ಒಗ್ಗುವ ಆಡಳಿತ ಎಂಬುದು ಆ ಕವಿತೆಯ ಭಾವ. ಅವನು ನಿಜವಾಗಿ ತರಕಾರಿ ಮಾರಿದನೋ ಎಂದು ಕೇಳಬೇಡಿ; ಕೆಲಸದಿಂದ ನಿವೃತ್ತರಾಗಿ ಊರಿಗೆ ಬಂದು ‘ಇನ್ನು ಕೃಷಿ ಮಾಡಿಕೊಂಡಿರುತ್ತೇನೆ’ ಎನ್ನುವವರು ನಮ್ಮ ನಡುವೆಯೂ ಇದ್ದಾರೆ, ಅವರ ಅಡಿಕೆ ಕೊಯ್ಯುವವರು ಬೇರೆಯೇ ಇರುತ್ತಾರೆ. ನಾನೂ ಆ ಪೈಕಿಯೇ ಆದ್ದರಿಂದ ಹೇಳುತ್ತಿದ್ದೇನೆ. ಕೇರಳದಲ್ಲಿ 1970ರ ಜನವರಿ 1ರಂದು ಜಾರಿಗೆ ಬಂದ ಭೂಸುಧಾರಣೆಯ ತಿದ್ದುಪಡಿ ಈ ಜಿಲ್ಲೆಯ ಎಷ್ಟೋ ಗೇಣಿದಾರರನ್ನು ನೆಲದ ಒಡೆಯರನ್ನಾಗಿ ಮಾಡಿತು. ಅಲ್ಲಿಯವರೆಗೆ ತೋಟವನ್ನು ನೆನೆಸುತ್ತಿದ್ದ ಕೈ ಒಂದು, ಫಸಲು ಎಣಿಸುತ್ತಿದ್ದ ಕೈ ಇನ್ನೊಂದು.

ತೋಟವು ಅಗಲಿಕೆಯ, ಸಾವಿನ ಜಾಗವೂ ಹೌದು. ಬುದ್ಧನು ಹುಟ್ಟಿದ್ದು ಲುಂಬಿನಿಯ ವನದಲ್ಲಿ, ಮೊದಲು ಬೋಧಿಸಿದ್ದು ಮೃಗದಾವದಲ್ಲಿ, ಕಣ್ಣು ಮುಚ್ಚಿದ್ದು ಕುಶಿನಾರದ ಎರಡು ಸಾಲಮರಗಳ ನಡುವೆ. ವರ್ತಕ ಅನಾಥಪಿಂಡಕನು ನೆಲಕ್ಕೆ ನಾಣ್ಯ ಹಾಸಿ ಕೊಂಡು ಸಂಘಕ್ಕೆ ಕೊಟ್ಟ ಜೇತವನದ ಕಥೆಯನ್ನು ಭಾರ್ಹುತದ ಶಿಲ್ಪಿಗಳು ಕೆತ್ತಿದ್ದಾರೆ. ಭಿಕ್ಷುಗಳ ನೆಲೆಗೆ ಸಂಘಾರಾಮ ಎಂಬ ಹೆಸರು ಬಂದದ್ದು ತೋಟದ ಆರಾಮದಿಂದಲೇ. ಕ್ರಿಸ್ತನನ್ನು ಬಂಧಿಸಿದ್ದು ತೋಟವೊಂದರಲ್ಲಿ, ಸಮಾಧಿ ಮಾಡಿದ್ದು ಇನ್ನೊಂದರಲ್ಲಿ. ಎದ್ದು ನಿಂತವನನ್ನು ಮಗ್ದಲದ ಮರಿಯಳು ಮೊದಲು ತೋಟಗಾರನೆಂದೇ ಭಾವಿಸಿದಳೆಂದು ಯೋಹಾನನ ಸುವಾರ್ತೆ ಹೇಳುತ್ತದೆ. ಬುದ್ಧ, ಕ್ರಿಸ್ತ ಇಬ್ಬರ ಕೊನೆಯ ದಿನಗಳನ್ನೂ ಎರಡು ಖಂಡಕಾವ್ಯಗಳ ವಸ್ತು ಮಾಡಿಕೊಂಡವರು ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಎಂಬುದನ್ನು ಮಕ್ಕಳಿಗೆ ಹೇಳಲು ಇದು ಒಳ್ಳೆಯ ಅವಕಾಶ. ನಮ್ಮಲ್ಲಿ ‘ಬೃಂದಾವನ’ ಎಂಬ ಒಂದೇ ಶಬ್ದ ಕೃಷ್ಣನ ವನವನ್ನೂ ಅಂಗಳದ ತುಳಸಿಕಟ್ಟೆಯನ್ನೂ ಮಾಧ್ವ ಯತಿಗಳ ಸಮಾಧಿಯನ್ನೂ ಕನ್ನಂಬಾಡಿ ಕಟ್ಟೆಯ ಕೆಳಗಿನ ದೀಪದ ಕಾರಂಜಿಗಳನ್ನೂ ಸೂಚಿಸುತ್ತದೆ. ಇವುಗಳಲ್ಲಿ ತುಳಸಿಕಟ್ಟೆಯೇ ನನಗೆ ಹೆಚ್ಚು ಮುಖ್ಯ. ನಾಲ್ಕು ಕಡೆ ಕಟ್ಟೆ, ದಿನಕ್ಕೊಂದು ತಂಬಿಗೆ ನೀರು, ಒಂದು ಗಿಡ. ತೋಟದ ಲಕ್ಷಣವನ್ನು ಇದಕ್ಕಿಂತ ಕಿರಿದಾಗಿಸಲು ಬರುವುದಿಲ್ಲ.

ನಾಗಬನವೂ ಮಲಯಾಳದವರ ಕಾವೂ ಇದಕ್ಕೆ ತಲೆಕೆಳಗಾದ ವ್ಯವಸ್ಥೆ. ಅಲ್ಲಿ ಎಲ್ಲೆ ಮಾತ್ರ ಮನುಷ್ಯನದು. ನೆಡುವುದು, ಕಡಿಯುವುದು, ನೀರೆರೆಯುವುದು ಯಾವುದೂ ಅವನದಲ್ಲ. ಹೆಚ್ಚಿನ ಸಮಾಜಗಳು ಕಾಡನ್ನು ಹೊರಗಿಡಲು ಬೇಲಿ ಕಟ್ಟಿದರೆ, ನಮ್ಮವರು ಕಾಡಿನ ಒಂದು ತುಂಡನ್ನು ಉಳಿಸಲು ತಮಗೇ ಬೇಲಿ ಹಾಕಿಕೊಂಡರು. ಈಚೆಗೆ ಬನದ ಮರಗಳನ್ನು ಕಡಿದು ಸುತ್ತ ಕಾಂಕ್ರೀಟು ಹಾಸಿ ನಾಗನ ಕಲ್ಲುಗಳಿಗೆ ಟೈಲ್ಸಿನ ಕಟ್ಟೆ ಕಟ್ಟುವುದು ಜೀರ್ಣೋದ್ಧಾರವೆನಿಸಿಕೊಂಡಿದೆ. ನನಗೆ ಅದು ಒಪ್ಪಿಗೆಯಿಲ್ಲ.

ನಿಮ್ಮ ನೆಂಟರ ‘ಪ್ಲಾಂಟೇಶನ್’ ಎಂಬ ಶಬ್ದಕ್ಕೆ ಈಗ ಮರಳಬಹುದು, ಏಕೆಂದರೆ ಎಣ್ಮಕಜೆಯವರಿಗೆ ಆ ಶಬ್ದದ ಅರ್ಥ ಪುಸ್ತಕದಿಂದ ತಿಳಿಯಬೇಕಾಗಿಲ್ಲ. ಪಡ್ರೆ, ವಾಣಿನಗರ, ಸ್ವರ್ಗದ ಗುಡ್ಡೆಗಳ ಮೇಲಿನ ಗೇರು ತೋಟಗಳಿಗೆ ಎರಡು ದಶಕಗಳಿಗೂ ಹೆಚ್ಚು ಕಾಲ, 2000ದವರೆಗೆ, ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ವಿಷದ ಕೀಟನಾಶಕವನ್ನು ಸುರಿದರು. 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ದೇಶದಾದ್ಯಂತ ತಡೆಯಿತು. ಗುಡ್ಡೆಯ ಮೇಲೆ ಬಿದ್ದದ್ದು ಬೈಲಿಗೆ ಇಳಿಯುತ್ತದೆ. ಸುರಂಗಕ್ಕೂ ತೋಡಿಗೂ ಅದೇ ಗುಡ್ಡೆಯೇ ತಾಯಿ. ಅಗಳು ದನವನ್ನು ತಡೆದೀತು, ಗಾಳಿಯಲ್ಲಿ ಬರುವುದನ್ನು ತಡೆಯಲಾರದು. ನಾನು ತೋಟಕ್ಕೂ ಪ್ಲಾಂಟೇಶನ್ನಿಗೂ ನಡುವೆ ಗೆರೆ ಎಳೆಯುವುದು ಇಲ್ಲಿ. ಅದು ಅಂದಕ್ಕೂ ಆದಾಯಕ್ಕೂ ನಡುವಿನ ಗೆರೆಯಲ್ಲ. ಮಾಲೀಕನೂ ಅವನ ಮಕ್ಕಳೂ ಅದೇ ನೀರನ್ನು ಕುಡಿಯುವ, ಅದೇ ನೆರಳಿನಲ್ಲಿ ಓಡಾಡುವ ನೆಲ ತೋಟ. ದೂರದ ಕಚೇರಿಯೊಂದರಲ್ಲಿ ಕುಳಿತು ಟನ್ನಿನ ಲೆಕ್ಕದಲ್ಲಿ ನೋಡುವ ನೆಲ ಪ್ಲಾಂಟೇಶನ್. ಈ ಅಳತೆಗೋಲನ್ನು ನಮ್ಮ ಕಡೆಗೂ ತಿರುಗಿಸಬೇಕು. ಅಡಿಕೆಗೆ ರೇಟು ಬಂತೆಂದು ಬದಿಯ ಮಾವು, ಹಲಸು, ಪುನರ್ಪುಳಿಗಳನ್ನು ಕಡಿದು, ಗದ್ದೆಗೆ ಮಣ್ಣು ತುಂಬಿಸಿ, ಬೋರ್‌ವೆಲ್ ಕೊರೆಸಿ ಸಾಲಿಗೆ ಸಾಲು ಅಡಿಕೆಯನ್ನೇ ನೆಟ್ಟವರ ಜಾಗಗಳು, ಮನೆಯ ಪಕ್ಕದಲ್ಲಿಯೇ ಇದ್ದರೂ, ನಿಮ್ಮ ನೆಂಟರ ಶಬ್ದಕ್ಕೆ ಹತ್ತಿರ ಬಂದಿವೆ. ಎಲೆಬಳ್ಳಿ, ಕಾಳುಮೆಣಸು, ಬಾಳೆ, ಅಂಚಿನ ಸಂಪಿಗೆಗಳನ್ನು ಉಳಿಸಿಕೊಂಡಿದ್ದರೆ ನಿಮ್ಮ ಎರಡು ಎಕರೆಯನ್ನು ಉದ್ಯಾನವೆನ್ನಲು ಯಾವ ಪಂಡಿತರ ಅಪ್ಪಣೆಯೂ ಬೇಕಿಲ್ಲ.

ಪಾಠದ ಬಗ್ಗೆ ಕೇಳಿದ್ದೀರಿ. ಪುಸ್ತಕದಿಂದ ಆರಂಭಿಸಬೇಡಿ, ಶಾಲೆಗೆ ಹತ್ತಿರದ ಯಾವುದಾದರೂ ಸುರಂಗದ ಬಾಯಿಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಆದರೆ ಒಳಕ್ಕೆ ಇಳಿಸಬೇಡಿ, ಹಳೆಯ ಸುರಂಗಗಳಲ್ಲಿ ಮಣ್ಣು ಜರಿಯುವ ಭಯವಿದೆ. ನೀರು ಕೆರೆಗೆ, ಕೆರೆಯಿಂದ ತೋಟದ ಕಣಿಗೆ (ಕಾಲುವೆಗೆ) ಹೋಗುವ ದಾರಿಯನ್ನು ಅವರೇ ನಡೆದು ನೋಡಲಿ, ತೋಟದ ಅಗಳನ್ನೊಮ್ಮೆ ಸುತ್ತಿ ಬರಲಿ. ಮರುದಿನ ಪಂಪನ ಎರಡು ಪದ್ಯಗಳನ್ನು ಓದಿಸಿ, ಅದರಲ್ಲಿರುವ ಗಿಡಗಳಲ್ಲಿ ತಮ್ಮ ಮನೆಯಲ್ಲಿರುವುದು ಎಷ್ಟು ಎಂದು ಎಣಿಸಲು ಹೇಳಿ. ಅಲ್ಲಮನ ವಚನವನ್ನು ಕೊನೆಗೆ ಇಟ್ಟುಕೊಳ್ಳಿ. ರಾಟಾಳವೆಂದರೆ ಬಾವಿಯಿಂದ ನೀರೆತ್ತುವ ಸಾಧನ ಎಂದು ಮೊದಲೇ ವಿವರಿಸಬೇಕಾದೀತು, ಪಂಪು ಮತ್ತು ಸ್ಪ್ರಿಂಕ್ಲರುಗಳನ್ನು ಮಾತ್ರ ಕಂಡ ಮಕ್ಕಳಿಗೆ ಅದು ಹೊಳೆಯುವುದಿಲ್ಲ. ಬೇಲಿ ಮುರಿದು ನುಗ್ಗುವ ಬಸವಗಳ ಬಗ್ಗೆ ಮಾತ್ರ ಏನೂ ಹೇಳಬೇಕಾಗಿಲ್ಲ. ಕಾಡುಹಂದಿಯೂ ಮಂಗವೂ ನಿಮ್ಮ ಪರವಾಗಿ ಆ ಪಾಠವನ್ನು ಆಗಲೇ ಮಾಡಿ ಮುಗಿಸಿರುತ್ತವೆ.